'ಇಆರ್ 95% ಪಾಸಿಟಿವ್' ಅಂದರೆ ಗಾಬರಿ ಬೀಳಬೇಕಾ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಎದೆಯಲ್ಲಿ ಗಂಟಾಗಿದ್ದನ್ನು ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟಿದ್ದರು. ಈಗ ಆಪರೇಷನ್ ಆಗಿದೆ, ಸ್ತನ ಕ್ಯಾನ್ಸರ್ ಅಂತೆ. ರಿಪೋರ್ಟಿನಲ್ಲಿ 'ಇಆರ್ 95% ಪಾಸಿಟಿವ್, ಪಿಆರ್ 70% ಪಾಸಿಟಿವ್, ಹರ್2 1+, ಕೆಐ-67 15%' ಎಂದಿದೆ. ಕಾಯಿಲೆ ಅಷ್ಟೊಂದು ಬಲಿತಿದೆಯಾ? ಟ್ಯಾಮಾಕ್ಸಿಫೆನ್ ಬರೆದುಕೊಟ್ಟಿದ್ದಾರೆ. 'ಅದು ಹೆಂಗಸರ ಮಾತ್ರೆ' ಅಂತ ಅಪ್ಪ ಮುಟ್ಟುತ್ತಿಲ್ಲ.
– ಮಗಳು, ದಾವಣಗೆರೆ

ಉತ್ತರ: ಮೊದಲು ಆ 95ರ ಭಯ ಬಿಡಿ. ಅದು ಕಾಯಿಲೆ ಹರಡಿರುವ ಲೆಕ್ಕವಲ್ಲ. ನೂರು ಕ್ಯಾನ್ಸರ್ ಕೋಶಗಳಲ್ಲಿ 95ರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್ (ಅದೇ ಇಆರ್) ಇದೆ ಎಂದರ್ಥ. ಕೋವಿಡ್ ಕಾಲದಿಂದ 'ಪಾಸಿಟಿವ್' ಅಂದರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಇಲ್ಲಿ ಅದು ಒಳ್ಳೆಯ ಸುದ್ದಿ. ಈ ಕ್ಯಾನ್ಸರ್ ಬೆಳೆಯುವುದೇ ಈಸ್ಟ್ರೋಜನ್ ಬಲದಿಂದ. ಅದನ್ನು ತಡೆದರೆ ಕಾಯಿಲೆಯೂ ತಗ್ಗುತ್ತದೆ. ಗಂಡಸರಲ್ಲಿ ಬರುವ ಸ್ತನ ಕ್ಯಾನ್ಸರ್ ಬಹುಪಾಲು ಇದೇ ಬಗೆಯದು. ಹಲವು ದೇಶಗಳ ಸುಮಾರು 1,500 ಗಂಡಸರ ಮಾಹಿತಿ ಕಲೆಹಾಕಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ 99 ಮಂದಿ ಇಆರ್ ಪಾಸಿಟಿವ್.

ಪಿಆರ್ ಅಂದರೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನು ಹಿಡಿಯುವ ಪ್ರೋಟೀನ್. ಅದು ಇಆರ್‌ನ ಜೊತೆಗಾರನೇ, ಇದ್ದರೆ ಒಳ್ಳೆಯದು. ಹರ್2 ಕೋಶ ಬೆಳೆಯಲು ಪ್ರಚೋದಿಸುವ ಬೇರೊಂದು ಪ್ರೋಟೀನ್. ಅದು 1+ ಅಂದರೆ ನೆಗೆಟಿವ್. 2+ ಬಂದಿದ್ದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕಾಗುತ್ತಿತ್ತು. ಕೆಐ-67 ಎಷ್ಟು ಕೋಶಗಳು ಒಡೆದು ಹೆಚ್ಚುವ ಹಂತದಲ್ಲಿವೆ ಎಂದು ಹೇಳುತ್ತದೆ. 5ರ ಒಳಗೆ ಅಥವಾ 30ರ ಮೇಲಿದ್ದರೆ ಅದನ್ನು ನೆಚ್ಚಬಹುದು. ನಡುವಿನ ಅಂಕಿ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ. ಅದೊಂದನ್ನೇ ಹಿಡಿದು ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಮುಂದೆ ಹೇಗೆ ಎಂಬುದಕ್ಕೆ ಇವೆಲ್ಲಕ್ಕಿಂತ ಮುಖ್ಯವಾದ ಸಾಲೊಂದನ್ನು ನೀವು ಬರೆದಿಲ್ಲ. ಗಂಟು ಎಷ್ಟು ದೊಡ್ಡದಿತ್ತು? ಕಾಯಿಲೆ ಕಂಕುಳಿನ ಲಿಂಫ್ ನೋಡ್‌ಗಳಿಗೆ (ಹಾಲ್ರಸ ಗ್ರಂಥಿಗಳಿಗೆ) ಹೋಗಿದೆಯಾ, ಹೋಗಿದ್ದರೆ ಎಷ್ಟಕ್ಕೆ? ರಿಪೋರ್ಟಿನಲ್ಲಿ ಇದನ್ನು ಹುಡುಕಿ, ಡಾಕ್ಟರ ಹತ್ತಿರ ಕೇಳಿ. ಗಂಡಸರು ತಡವಾಗಿ ಬರುವುದರಿಂದಲೇ ಇಲ್ಲಿ ಪೆಟ್ಟು ತಿನ್ನುವುದು ಜಾಸ್ತಿ.

ಇನ್ನು ಮಾತ್ರೆಯ ವಿಷಯ. ಗಂಡಸಿನ ಮೈ ಟೆಸ್ಟೋಸ್ಟೆರಾನನ್ನೇ ಸ್ವಲ್ಪ ಸ್ವಲ್ಪ ಈಸ್ಟ್ರೋಜನ್ ಮಾಡಿಕೊಳ್ಳುತ್ತದೆ. ಆ ಈಸ್ಟ್ರೋಜನ್ ಕ್ಯಾನ್ಸರ್ ಕೋಶಕ್ಕೆ ಅಂಟದಂತೆ ಟ್ಯಾಮಾಕ್ಸಿಫೆನ್ ಅಡ್ಡ ನಿಲ್ಲುತ್ತದೆ, ಅಷ್ಟೆ. ಗಂಡಸರಿಗೂ ಮೊದಲ ಆಯ್ಕೆ ಇದೇ. ಸಾಮಾನ್ಯವಾಗಿ ದಿನಕ್ಕೆ 20 ಮಿಲಿಗ್ರಾಂ, ಕನಿಷ್ಠ 5 ವರ್ಷ. ಮೈ ಬಿಸಿಯೇರುವುದು, ತೂಕ ಹೆಚ್ಚುವುದು, ಲೈಂಗಿಕ ಆಸಕ್ತಿ ಕುಗ್ಗುವುದು ಆಗಬಹುದು. ಕೊನೆಯದನ್ನು ಮನೆಯವರ ಹತ್ತಿರ ಹೇಳಲಾರದೆ ಎಷ್ಟೋ ಗಂಡಸರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಅಪ್ಪ ಡಾಕ್ಟರೊಂದಿಗೆ ಒಬ್ಬರೇ ಮಾತಾಡಲಿ, ನೀವು ಹೊರಗೆ ಕೂತಿರಿ. ಒಂದು ಕಾಲು ಬಾತು ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು.

ನೀವು ಕೇಳದಿದ್ದರೂ ಒಂದು ಮಾತು. ಸ್ತನ ಕ್ಯಾನ್ಸರ್ ಬಂದ ಪ್ರತಿ ಗಂಡಸಿಗೂ ಜೀನ್ ಪರೀಕ್ಷೆ ಮಾಡಿಸಬೇಕು. ಕ್ಯಾನ್ಸರಿಗೆ ದಾರಿ ಮಾಡುವ ದೋಷಗಳಲ್ಲಿ ಹೆಚ್ಚಾಗಿ ಸಿಗುವುದು ಬಿಆರ್‌ಸಿಎ2 ಎಂಬ ಜೀನಿನದು. ಅದು ಮಗನಿಗಾಗಲಿ ಮಗಳಿಗಾಗಲಿ ಬರುವ ಸಾಧ್ಯತೆ ಅರ್ಧಕ್ಕರ್ಧ. ಮೊದಲು ಅಪ್ಪನ ರಕ್ತ ಕೊಡಿ. ಅದರಲ್ಲಿ ದೋಷ ಕಂಡರೆ ನಿಮ್ಮದೂ, ನಿಮ್ಮ ಒಡಹುಟ್ಟಿದವರದೂ ಮಾಡಿಸಿ.