ಶುಗರ್ ಹತೋಟಿಗೆ ಬಂದರೂ ಕಿಡ್ನಿಯಲ್ಲಿ ಫೈಬ್ರೋಸಿಸ್ ಯಾಕೆ ನಿಲ್ಲುವುದಿಲ್ಲ?

ನಿಮ್ಮ ತಂದೆಯವರ ಶುಗರ್ ಈಗ ಹತೋಟಿಯಲ್ಲಿದೆ, ಆದರೂ ಬಯಾಪ್ಸಿಯಲ್ಲಿ ಫೈಬ್ರೋಸಿಸ್ (ಗಾಯದ ಕಲೆಯಂತೆ ಅಂಗಾಂಶ ಗಟ್ಟಿಯಾಗುವುದು) ಎಂದು ಬಂದಿದೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತಲೇ ಇದೆ, ಯಾಕೆ ಎಂದು ಕೇಳಿದ್ದೀರಿ. ಬಯಾಪ್ಸಿ ಸ್ಲೈಡ್ ನೋಡುವುದೇ ನನ್ನ ಕೆಲಸ. ಹಾಗಾಗಿ ಕಣ್ಣಿಗೆ ಕಾಣುವುದರಿಂದಲೇ ಶುರು ಮಾಡುತ್ತೇನೆ.

ಟ್ರೈಕ್ರೋಮ್ ಬಣ್ಣ ಹಾಕಿದರೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ನೀಲಿಯಾಗಿ ಕಾಣುತ್ತದೆ. ಆರೋಗ್ಯವಾಗಿರುವ ಕಿಡ್ನಿಯಲ್ಲಿ ಸಣ್ಣ ಕೊಳವೆಗಳು ಒತ್ತೊತ್ತಾಗಿರುತ್ತವೆ, ನಡುವೆ ನೀಲಿ ಬಹಳ ಕಡಿಮೆ. ಫೈಬ್ರೋಸಿಸ್ ಆದ ಕಡೆ ನೀಲಿಯೇ ಜಾಸ್ತಿ, ಕೊಳವೆಗಳು ಸೊರಗಿರುತ್ತವೆ.

ಈ ಕೊಲಾಜೆನ್ ಸುಮ್ನೆ ಬಂದು ಸೇರುವುದಿಲ್ಲ. ಶುಗರ್, ಬಿಪಿ, ಸೋರಿದ ಪ್ರೋಟೀನ್‌ಗಳಿಂದ ಪೆಟ್ಟು ತಿಂದ ಕೋಶ ಟಿಜಿಎಫ್-ಬೀಟಾ ಎಂಬ ಸಂಕೇತ ಬಿಡುತ್ತದೆ. ಅದು ಪಕ್ಕದಲ್ಲಿ ಕೊಲಾಜೆನ್ ತಯಾರಿಸುವ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳಿಗೆ, ರಕ್ತನಾಳಗಳಿಗೆ ಅಂಟಿಕೊಂಡಿರುವ ಪೆರಿಸೈಟ್‌ಗಳಿಗೆ ಮುಟ್ಟುತ್ತದೆ. ಅವುಗಳೊಳಗೆ ಸ್ಮ್ಯಾಡ್-3 ಎಂಬ ಪ್ರೋಟೀನ್ ನ್ಯೂಕ್ಲಿಯಸ್‌ಗೆ ಹೋಗಿ ಕೊಲಾಜೆನ್ ಜೀನ್‌ಗಳನ್ನು ಎಬ್ಬಿಸುತ್ತದೆ. ಮೂಲದಲ್ಲಿ ಇದು ರಿಪೇರಿ ಕೆಲಸ. ಪೆಟ್ಟು ಚಿಕ್ಕದಾದರೆ ಸ್ಮ್ಯಾಡ್-7 ಎಂಬ ಇನ್ನೊಂದು ಪ್ರೋಟೀನ್ ಬ್ರೇಕ್ ಹಾಕುತ್ತದೆ, ಅಲ್ಲಿಗೆ ಮುಗಿಯಿತು.

ವರ್ಷಗಟ್ಟಲೆ ಪೆಟ್ಟು ಬಿದ್ದರೆ ಮಾತ್ರ ಕಲೆಯೇ ಹೊಸ ಕಲೆಗೆ ಕಾರಣವಾಗುತ್ತದೆ. ಪೆರಿಸೈಟ್ ಬಿಟ್ಟುಹೋದ ಸಣ್ಣ ರಕ್ತನಾಳ ಉಳಿಯುವುದಿಲ್ಲ, ಆ ಜಾಗಕ್ಕೆ ಆಮ್ಲಜನಕ ಸಾಲದು. ಗಟ್ಟಿಯಾದ ಅಂಗಾಂಶ ತಾನೇ ಇನ್ನಷ್ಟು ಟಿಜಿಎಫ್-ಬೀಟಾವನ್ನು ಚುರುಕುಗೊಳಿಸುತ್ತದೆ. ಉಳಿದ, ರಕ್ತ ಸೋಸುವ ಘಟಕಗಳಾದ ನೆಫ್ರಾನ್‌ಗಳ ಮೇಲೆ ಒತ್ತಡ ಏರುತ್ತದೆ, ಬಿಪಿ ಏರಿಸುವ ಹಾರ್ಮೋನ್ ಆಂಜಿಯೋಟೆನ್ಸಿನ್ ಮತ್ತೆ ಅದೇ ಸಂಕೇತವನ್ನು ಹೆಚ್ಚಿಸುತ್ತದೆ. ಶುಗರ್ ಇಳಿದ ಮೇಲೂ ಈ ಸುತ್ತು ನಡೆಯುತ್ತಲೇ ಇರಬಹುದು.

ಹಾಗಾದರೆ ಟಿಜಿಎಫ್-ಬೀಟಾವನ್ನೇ ತಡೆದರೆ ಆಯಿತಲ್ವಾ? ಡಯಾಬಿಟಿಸ್‌ನಿಂದ ಕಿಡ್ನಿ ಕೆಟ್ಟವರಿಗೆ ಅದನ್ನು ಹಿಡಿದು ತಡೆಯುವ ಪ್ರತಿಕಾಯ (ಆಂಟಿಬಾಡಿ) ಕೊಟ್ಟು ನೋಡಿದರು. ಪ್ರಯೋಜನ ಕಾಣಲಿಲ್ಲ. ಉರಿಯೂತವನ್ನು ಹದದಲ್ಲಿ ಇಡುವುದೂ ಇದೇ ಟಿಜಿಎಫ್-ಬೀಟಾ. ಅದಿಲ್ಲದೆ ಹುಟ್ಟಿದ ಇಲಿಮರಿಗಳು ಕೆಲವೇ ವಾರಗಳಲ್ಲಿ ಉರಿಯೂತದಿಂದ ಸಾಯುತ್ತವೆ.

ಸದ್ಯ ಕೆಲಸಕ್ಕೆ ಬಂದಿರುವುದು ಅದಕ್ಕೂ ಹಿಂದಿನ ಹಂತವನ್ನು ತಡೆಯುವ ಮಾತ್ರೆಗಳು. ಆಂಜಿಯೋಟೆನ್ಸಿನ್ ಕೆಲಸ ತಡೆಯುವ ಬಿಪಿ ಮಾತ್ರೆ ಲೊಸಾರ್ಟನ್ ಕಿಡ್ನಿ ಕೆಡುವುದನ್ನು ನಿಧಾನ ಮಾಡುತ್ತದೆ ಎಂಬುದು 2001ರಲ್ಲೇ ಖಚಿತವಾಯಿತು. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಮತ್ತು ಫಿನೆರಿನೋನ್‌ನ ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಇರುವ ಕಲೆಯನ್ನು ಇವು ಅಳಿಸುವುದಿಲ್ಲ, ಹೊಸದು ಬೆಳೆಯುವ ವೇಗ ತಗ್ಗಿಸುತ್ತವೆ.

ಬಿಪಿ ನಾರ್ಮಲ್ ಇದೆ ಎಂದು ಸಾರ್ಟನ್ (ಲೊಸಾರ್ಟನ್ ಜಾತಿಯ) ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು. ಶುರುವಿನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಪೊಟ್ಯಾಸಿಯಂ ಕೂಡ ನೋಡಬೇಕು, ಅದಕ್ಕೇ ಮತ್ತೆ ರಕ್ತ ಪರೀಕ್ಷೆ ಬರೆಯುತ್ತಾರೆ. ಮುಂದಿನ ಸಲ ಹೋದಾಗ ಯೂರಿನ್‌ನಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಹೋಗುತ್ತಿದೆ, ಈ ಹೊಸ ಮಾತ್ರೆಗಳು ತಂದೆಯವರಿಗೆ ಹೊಂದುತ್ತವೆಯೇ ಎಂದು ನೆಫ್ರಾಲಜಿಸ್ಟ್ ಹತ್ತಿರ ಕೇಳಿ.