ಚೆಂಡಾಟದಲ್ಲಿ ತಲೆ ಕೊಟ್ಟವನು ಗೆದ್ದವನೋ, ಸೋತವನೋ?

ಪ್ರಾಚೀನ ಮೆಸೊಅಮೆರಿಕದ (ಇಂದಿನ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಭಾಗ) ಚೆಂಡಾಟದಲ್ಲಿ ಬಲಿಯಾಗುತ್ತಿದ್ದವನು ಗೆದ್ದವನೋ ಸೋತವನೋ, ಪ್ರಬಂಧದಲ್ಲಿ ಯಾವ ವಾದ ಹಿಡಿಯಲಿ ಎಂದು ಕೇಳಿದ್ದೀರಿ. ಎಂ.ಎ. ಓದುವಾಗ ನಾನು ಇದೇ ಪ್ರಶ್ನೆಗೆ ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟಿದ್ದೆ. ಮಾರ್ಗದರ್ಶಕರು ಅದನ್ನು ತಿರಸ್ಕರಿಸಿದರು.

ನಾನು ನಂಬಿದ್ದು ಮೆಕ್ಸಿಕೊದ ಪ್ರಾಚೀನ ಮಾಯಾ ನಗರ ಚಿಚೆನ್ ಇಟ್ಸಾದ ದೊಡ್ಡ ಆಟದಂಗಳದ ಉಬ್ಬುಶಿಲ್ಪಗಳನ್ನು. ಎರಡು ಕಡೆ ಏಳೇಳು ಆಟಗಾರರು, ನಡುವೆ ತಲೆಬುರುಡೆ ಕೆತ್ತಿದ ಚೆಂಡು, ಅದರ ಪಕ್ಕದಲ್ಲಿ ಮಂಡಿಯೂರಿದ ತಲೆಯಿಲ್ಲದ ಮುಂಡ. ಕುತ್ತಿಗೆಯಿಂದ ಚಿಮ್ಮುವ ರಕ್ತ ಹಾವುಗಳಾಗಿ, ಹೂಬಿಟ್ಟ ಬಳ್ಳಿಯಾಗಿ ಹರಡುತ್ತದೆ. ಇದನ್ನು ನಾನು ಒಂದು ದಿನದ ಪಂದ್ಯದ ವರದಿಯೆಂದು ಓದಿದೆ. ಯಾರದು ಯಾವ ತಂಡ, ಯಾರ ಉಡುಪು ಹೆಚ್ಚು ವೈಭವದ್ದು ಎಂದು ಹೋಲಿಸಿ, ಸತ್ತವನು ಗೆದ್ದ ತಂಡದ ನಾಯಕನೆಂದು ತೀರ್ಮಾನಿಸಿದೆ. ಆದರೆ ಆ ಕಲ್ಲಿನಲ್ಲಿ ಅಂಕಗಳಿಲ್ಲ, ಗೆಲುವಿನ ಗುರುತೂ ಇಲ್ಲ. ಹೆಚ್ಚುಕಡಿಮೆ ಅದೇ ದೃಶ್ಯ ಆರು ಫಲಕಗಳಲ್ಲಿ ಮರುಕಳಿಸುತ್ತದೆ. ರಕ್ತ ಹೂಬಿಡುವ ಚಿತ್ರದಲ್ಲಿ ಸ್ಪರ್ಧೆಯ ಫಲಿತಾಂಶವನ್ನು ಹುಡುಕಿದ್ದರಿಂದಲೇ ನನ್ನ ವಾದ ಬುಡದಲ್ಲೇ ಕುಸಿಯಿತು.

ಆದ್ದರಿಂದ ಈ ಪ್ರಶ್ನೆಯನ್ನೇ ಕೈಬಿಡಿ ಎನ್ನುತ್ತೇನೆ. ಕೆತ್ತಿಸಿದವರು ಯಾರು, ಅವರಿಗೆ ಅದರ ಅಗತ್ಯವೇನಿತ್ತು ಎಂದು ಕೇಳಿ.

ಉಸುಮಸಿಂಟಾ ನದಿಯ ದಂಡೆಯಲ್ಲಿರುವ ಮಾಯಾ ನಗರ ಯಾಶ್ಚಿಲಾನ್‌ನ 33ನೇ ಕಟ್ಟಡದ ಮುಂದೆ ಕೆತ್ತನೆಯ 13 ಮೆಟ್ಟಿಲುಕಲ್ಲುಗಳಿವೆ. ಏಳನೆಯದರಲ್ಲಿ ಅಲ್ಲಿನ ದೊರೆ ನಾಲ್ಕನೆಯ ಬರ್ಡ್ ಜಾಗ್ವಾರ್ ಚೆಂಡಾಡುತ್ತಿದ್ದಾನೆ, ಹಿಂದೆ ಇಬ್ಬರು ಕುಬ್ಜರು ನಿಂತಿದ್ದಾರೆ. ಮೆಟ್ಟಿಲುಗಳಿಂದ ಉರುಳಿ ಬರುವ ಚೆಂಡಿನೊಳಗೆ ಕೈಕಾಲು ಮಡಚಿ ಬಿಗಿದ ಸೆರೆಯಾಳು ಇದ್ದಾನೆ. ಪಕ್ಕದ ಬರಹ ಹೇಳುವುದು ಪುರಾಣಕಾಲದ ಶಿರಚ್ಛೇದಗಳ ಕಥೆಯನ್ನು. ಬರ್ಡ್ ಜಾಗ್ವಾರನ ತಂದೆ ತೀರಿಕೊಂಡದ್ದು ಕ್ರಿ.ಶ. 742ರಲ್ಲಿ, ಇವನು ಪಟ್ಟಕ್ಕೆ ಬಂದದ್ದು 752ರಲ್ಲಿ. ಈ ಆಟಕ್ಕೆ ಕೊಟ್ಟಿರುವ ದಿನಾಂಕ 744ರದು, ಅಂದರೆ ಸಿಂಹಾಸನ ಇನ್ನೂ ಕೈಗೆ ಬಾರದಿದ್ದ ಕಾಲದ್ದು. ಅಕ್ಕಪಕ್ಕದ ಕಲ್ಲುಗಳಲ್ಲಿ ಅವನ ತಂದೆಯೂ ತಾತನೂ ಆಡುತ್ತಿದ್ದಾರೆ. ಪಟ್ಟವೇರಲು ಹತ್ತು ವರ್ಷ ಕಾದವನೊಬ್ಬ ತನ್ನ ಹಕ್ಕನ್ನು ಮೂರು ತಲೆಮಾರುಗಳ ಸಾಲಿನಲ್ಲಿ ನಿಲ್ಲಿಸಿದ ರೀತಿ ಇದು. ಇಷ್ಟು ಸ್ಪಷ್ಟವಾಗಿ ಅಧಿಕಾರದ ಮಾತಾಡುವ ಚೆಂಡಾಟದ ಶಿಲ್ಪ ನನಗೆ ಬೇರೆ ಸಿಕ್ಕಿಲ್ಲ.

ಇಂದಿನ ಹೊಂಡುರಾಸ್‌ನಲ್ಲಿರುವ ಮಾಯಾ ನಗರ ಕೋಪಾನ್‌ನ ಉದಾಹರಣೆಯನ್ನೂ ಸೇರಿಸಿಕೊಳ್ಳಿ. ಅಲ್ಲಿನ ಹದಿಮೂರನೆಯ ದೊರೆ 738ರ ಆರಂಭದಲ್ಲಿ ಭವ್ಯವಾದ ಆಟದಂಗಳವನ್ನು ಪ್ರತಿಷ್ಠಾಪಿಸಿದ. ಕೆಲವೇ ತಿಂಗಳಲ್ಲಿ, ಅವನಿಗೆ ಅಧೀನನಾಗಿದ್ದ, ಹತ್ತಿರದ ಕಿರಿಗ್ವಾ ನಗರದ ಅರಸನೇ ಅವನನ್ನು ಸೆರೆಹಿಡಿದು ಶಿರಚ್ಛೇದ ಮಾಡಿಸಿದ. ಆ ತಲೆ ಹೋದದ್ದು ಪಂದ್ಯ ಗೆದ್ದಿದ್ದಕ್ಕೂ ಅಲ್ಲ, ಸೋತಿದ್ದಕ್ಕೂ ಅಲ್ಲ. ನಿಮ್ಮ ಪ್ರಬಂಧವನ್ನು ಈ ಇಬ್ಬರು ದೊರೆಗಳಿಂದ ಆರಂಭಿಸಿ, ಚಿಚೆನ್ ಇಟ್ಸಾಕ್ಕೆ ಆಮೇಲೆ ಬನ್ನಿ.