ಎಂಟನೇ ಕ್ಲಾಸಿನ ಹುಡುಗಿ, ಐದನೇ ಕ್ಲಾಸಿನ ಲೆಕ್ಕ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

2023ರ ಜುಲೈ. ಮಳೆಗೆಂದು ಶಾಲೆಗೆ ರಜೆ ಕೊಟ್ಟಿದ್ದ ದಿನ ತಾಯಿ ಮಗಳು ಶಿರಸಿಗೆ, ಮಕ್ಕಳ ಓದಿನ ವಿಷಯದಲ್ಲಿ ಸಲಹೆ ಕೊಡುವ ನನ್ನ ಹತ್ತಿರ ಬಂದರು. ಪೇಟೆಯಿಂದ ದೂರದ ಅಡಿಕೆ ತೋಟದ ಮನೆ. ಹುಡುಗಿಯನ್ನು ಮೇಧಾ ಅನ್ನೋಣ. ಎಂಟನೇ ಕ್ಲಾಸು.

"ದಿನಾ ಬೆಳಿಗ್ಗೆ ಹೊಟ್ಟೆನೋವು ಮೇಡಂ. ಡಾಕ್ಟರು ನೋಡಿ ಆಯ್ತು, ಸ್ಕ್ಯಾನಿಂಗೂ ಆಯ್ತು. ಎಂತದೂ ಇಲ್ಲ ಅಂತಾರೆ. ನಮ್ಮ ಕೂಸು ಸುಳ್ಳು ಹೇಳೂದಲ್ಲ. ಮತ್ತೆ ಎಂತ ಮಾಡೂದು?"

ಭಾನುವಾರ ನೋವು ಬರುತ್ತದಾ ಎಂದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬರೋದಿಲ್ಲವಂತೆ.

ಅವಳ ದಿನಚರಿ ಕೇಳಿದೆ. ಐದಕ್ಕೆ ಏಳುವುದು. ಅಪ್ಪ ಬೈಕಿನಲ್ಲಿ ರಸ್ತೆಗೆ ಬಿಟ್ಟರೆ ಐದೂಮುಕ್ಕಾಲರ ಬಸ್ಸು. ಆರೂವರೆಗೆ ಗಣಿತ ಟ್ಯೂಷನ್, ಆಮೇಲೆ ಶಾಲೆ, ಸಂಜೆ ಇನ್ನೊಂದು ಕಡೆ ಮತ್ತೆ ಗಣಿತ. ಮನೆ ಸೇರುವಾಗ ಕತ್ತಲೆ. ಒಂದು ಟ್ಯೂಷನ್ನಿನಲ್ಲಿ ಮಾರ್ಕು ಬರಲಿಲ್ಲ ಅಂತ ಎರಡು ಮಾಡಿದ್ದರು. ಗೊಬ್ಬರ ಹಾಕಿದ ಹಾಗೆ!

ತಾಯಿಯನ್ನು ಹೊರಗೆ ಕೂರಿಸಿ, ನೋಟ್‌ಬುಕ್ ತೆರೆಸಿದೆ. ನಾನೇನು ಗಣಿತದ ಟೀಚರಲ್ಲ. ಆದರೆ ತಪ್ಪು ಉತ್ತರ ತುಂಬ ಮಾತಾಡುತ್ತದೆ. ಒಂದು ಲೆಕ್ಕ ಹೀಗಿತ್ತು: ಎಕ್ಸಿನ ಮೂರನೇ ಒಂದು ಭಾಗಕ್ಕೆ ಎಕ್ಸಿನದೇ ನಾಲ್ಕನೇ ಒಂದು ಭಾಗ ಕೂಡಿದರೆ 7. ಎಕ್ಸ್ ಎಷ್ಟು? ಮೇಧಾ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿ 2ಎಕ್ಸ್ ಬೈ 7 ಮಾಡಿದ್ದಳು. ಅಲ್ಲಿಂದ ಮುಂದೆ ಒಂದೂ ತಪ್ಪಿಲ್ಲ. 2ಎಕ್ಸ್ ಅಂದರೆ 49, ಎಕ್ಸ್ ಅಂದರೆ ಇಪ್ಪತ್ನಾಲ್ಕೂವರೆ. ಎಂಟನೇ ಕ್ಲಾಸಿನ ಪಾಠ ಅವಳಿಗೆ ಸರಿಯಾಗಿ ಬರುತ್ತಿತ್ತು. ಬಾರದ್ದು ಭಿನ್ನರಾಶಿ.

ವರ್ಷ ಎಣಿಸಿದೆ. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಇವಳು ನಾಲ್ಕನೇ ಕ್ಲಾಸು. ಐದನೆಯದು ಹೆಚ್ಚುಕಡಿಮೆ ಗುಡ್ಡದ ಮೇಲೆ. ಅಲ್ಲಿ ಕೊಡೆ ಹಿಡಿದು ಕೂತರೆ ಮಾತ್ರ ಮೊಬೈಲಿನಲ್ಲಿ ಎರಡು ಕಡ್ಡಿ. ಕೋವಿಡ್‌ನಲ್ಲಿ ತಪ್ಪಿದ ಕಲಿಕೆ ತುಂಬಿಸಲು 2022-23ರಲ್ಲಿ ಸರ್ಕಾರ 'ಕಲಿಕಾ ಚೇತರಿಕೆ' ನಡೆಸಿತ್ತು ನಿಜ. ಇವಳ ಭಿನ್ನರಾಶಿಯವರೆಗೆ ಅದು ಮುಟ್ಟಿರಲಿಲ್ಲ. ಎರಡು ಟ್ಯೂಷನ್ನೂ ಶಾಲೆಯ ಪಾಠವನ್ನೇ ಮತ್ತೆ ಮಾಡುತ್ತಿದ್ದವು. ಹಿಂದಕ್ಕೆ ಯಾರೂ ಹೋಗಿರಲಿಲ್ಲ.

ಲೆಕ್ಕದ ಕಲಿಕಾ ತೊಂದರೆ ಇರಬಹುದಾ ಅಂತಲೂ ನೋಡಿದೆ. ಗಡಿಯಾರ, ಚಿಲ್ಲರೆ, ಯಾವ ಸಂಖ್ಯೆ ದೊಡ್ಡದು ಎಂಬುದು, ಎಲ್ಲ ಸಲೀಸು. ಅಲ್ಲಿ ತಡವರಿಸಿದ್ದರೆ ಮನಶ್ಶಾಸ್ತ್ರಜ್ಞರ ಹತ್ತಿರ ಪರೀಕ್ಷೆಗೆ ಕಳಿಸುತ್ತಿದ್ದೆ.

ಮುಂದಿನ ವಾರ ಹನ್ನೆರಡು ಅಡಿಕೆ ತರಲು ಹೇಳಿದೆ. ಮೂರು ಸಮಪಾಲು ಮಾಡು ತಂಗಿ, ಒಂದು ಪಾಲಿನಲ್ಲಿ ಎಷ್ಟು? ನಾಲ್ಕು. ಈಗ ನಾಲ್ಕು ಪಾಲು. ಒಂದರಲ್ಲಿ ಮೂರು. ಎರಡೂ ಸೇರಿದರೆ ಏಳು, ಹನ್ನೆರಡರಲ್ಲಿ ಏಳು. ಅವಳು ಅಡಿಕೆ ನೋಡಿದಳು, ನೋಟ್‌ಬುಕ್ ನೋಡಿದಳು. "ಅಂದ್ರೆ ಆ ಎಕ್ಸು ಹನ್ನೆರಡು ಅಲ್ವಾ?" ಹೌದಲ್ಲ. ಅಷ್ಟು ಹೊತ್ತೂ ಕೈ ಹೊಟ್ಟೆಯ ಮೇಲೆ ಹೋಗಿರಲಿಲ್ಲ.

ಬೆಳಗಿನ ಟ್ಯೂಷನ್ ಬಿಡಿಸಿ ಎಂದೆ. ತಾಯಿ ಹೆದರಿದರು. ಅದನ್ನು ಹೇಳುವವರು ಶಾಲೆಯ ಗಣಿತ ಟೀಚರೇ. ಬಿಟ್ಟರೆ ಕೂಸಿನ ಮೇಲೆ ಸಿಟ್ಟು ಮಾಡಿದರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ಅದನ್ನು ತಿಳಿಸಿದೆ, ಆದರೆ ಜಗಳಕ್ಕೆ ಕಳಿಸಲಿಲ್ಲ. "ನಿದ್ದೆ ಸಾಲುತ್ತಿಲ್ಲ, ಸಲಹೆಗಾರರು ಬಿಡಿಸಲು ಹೇಳಿದ್ದಾರೆ" ಅನ್ನಿ, ನನ್ನ ಮೇಲೆ ಹಾಕಿ ಎಂದೆ. ಅದು ಹೇಡಿತನವೂ ಇರಬಹುದು. ಆದರೆ ಆ ಕ್ಲಾಸಿನಲ್ಲಿ ಇನ್ನೂ ವರ್ಷವಿಡೀ ಕೂರಬೇಕಾದವಳು ಮೇಧಾ.

ಸಂಜೆಯ ಟ್ಯೂಷನ್ ಇಟ್ಟುಕೊಂಡೆವು. ಆ ಸರ್ ಒಳ್ಳೆಯವರು, ವಾರಕ್ಕೆ ಎರಡು ದಿನ ಹಳೆ ಪಾಠ ಮಾಡಲು ಒಪ್ಪಿದರು. ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಐದನೇ ಕ್ಲಾಸಿನ ಪುಸ್ತಕ. ಪಕ್ಕದಲ್ಲಿ ಅಪ್ಪ ಕೂರಬೇಕು, ಆಯಿ (ತಾಯಿ) ಅಲ್ಲ. ಯಾಕೆಂದರೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿ ಓದು ಬಿಟ್ಟವರು ಆಯಿ. ಮಗಳು ಪೆನ್ಸಿಲ್ ಕಚ್ಚಿದರೂ ಇವರ ಉಸಿರು ಬಿಗಿಯಾಗುತ್ತಿತ್ತು. "ಎಷ್ಟು ಮಾರ್ಕು?" ಬದಲು "ಯಾವ ಲೆಕ್ಕದಲ್ಲಿ ಸಿಕ್ಕಿಬಿದ್ದೆ?" ಅಂತ ಕೇಳಿ ಎಂದೆ. ಅವರಿಗೆ ಜಾಸ್ತಿ ಕಷ್ಟವಾದದ್ದು ಐದನೇ ಕ್ಲಾಸಿನ ಪುಸ್ತಕ. ನೆಂಟರು ಬಂದಾಗ ಅದಕ್ಕೆ ಬೈಂಡು ಹಾಕಿ ಮುಚ್ಚಿಡುತ್ತಿದ್ದರಂತೆ.

ಹೊಟ್ಟೆನೋವು ಮೂರು ವಾರದಲ್ಲಿ ಕಡಿಮೆಯಾಯಿತು. ಮಾರ್ಕು ಅಷ್ಟು ಬೇಗ ಬರಲಿಲ್ಲ. ಡಿಸೆಂಬರಿನಲ್ಲಿ ತಾಯಿ ಫೋನ್ ಮಾಡಿದರು. ಇಪ್ಪತ್ತಕ್ಕೆ ಐದು ಬರುತ್ತಿದ್ದದ್ದು ಒಂಬತ್ತಾಗಿದೆ.

"ಮೇಡಂ, ಒಂಬತ್ತನೇ ಕ್ಲಾಸಿಗೆ ಹೋದಮೇಲೆ ಇನ್ನೊಂದು ಟ್ಯೂಷನ್ ಹಾಕೂದಾ?"

ಈಗ ಯಾವ ಪುಸ್ತಕ ನಡೆಯುತ್ತಿದೆ ಎಂದು ಕೇಳಿದೆ. ಆರನೇ ಕ್ಲಾಸಿನದಂತೆ, ಅರ್ಧ ಮುಗಿದಿದೆ. ಅದು ಮುಗಿದಮೇಲೆ ಫೋನ್ ಮಾಡಿ ಎಂದೆ.